ಹುಲಿಪಟ್ಟೆ ಹಸುಗಳಿಗೆ ಯಾವ ಹೋರಿ?

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ ಕೆಲಸದಲ್ಲಿರುವ ನಾವು ಟೆಕ್ಸಾಸ್‌ನ ಬ್ರೆನಮ್ ಹತ್ತಿರ 90 ಎಕರೆ ಹುಲ್ಲುಗಾವಲು ಕೊಂಡಿದ್ದೇವೆ. ಜಮೀನಿನ ಜೊತೆಗೆ 22 ದನಗಳೂ ಬಂದಿವೆ: ಬ್ರಾಹ್ಮನ್–ಹೆರ್‌ಫರ್ಡ್ ಸಂಕರದ 14 ಹುಲಿಪಟ್ಟೆ ಹಸು, ಬ್ರ್ಯಾಂಗಸ್ ತಳಿಯ 5 ಕಪ್ಪು ಹಸು, ಇನ್ನೂ ಗಬ್ಬವಾಗದ 3 ಹುಲಿಪಟ್ಟೆ ಕಡಸು. ಹೋರಿಯನ್ನು ಮಾತ್ರ ಹಿಂದಿನ ಮಾಲೀಕರು ಕೊಂಡೊಯ್ದರು. ನೆರೆಯವರಲ್ಲಿ ಒಬ್ಬರು ಆಂಗಸ್ ತನ್ನಿ ಎನ್ನುತ್ತಾರೆ, ಇನ್ನೊಬ್ಬರು ತೂಕ ಬೇಕಾದರೆ ಶಾರೊಲೇ ಎನ್ನುತ್ತಾರೆ, ಈ ಬಿಸಿಲಿಗೆ ಬ್ರಾಹ್ಮನ್ ಹೋರಿಯೇ ಸರಿ ಎನ್ನುವವರೂ ಇದ್ದಾರೆ. ಊರಲ್ಲಿ ಅಪ್ಪ ಎಚ್‌ಎಫ್ ಹಸು ಕಟ್ಟಿದ್ದನ್ನು ನೋಡಿದ್ದು ಬಿಟ್ಟರೆ ನಮಗೆ ಅನುಭವವಿಲ್ಲ. ಜಮೀನಿಗೆ ಹೋಗುವುದು ಶನಿವಾರ, ಭಾನುವಾರ ಮಾತ್ರ. ಯಾವ ಹೋರಿ ಕೊಳ್ಳಬೇಕು, ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಬ್ರಾಹ್ಮನ್ ಹೋರಿ ಬೇಡ. ಶಾರೊಲೇ ಒಳ್ಳೆಯ ಹೋರಿಯೇ, ಆದರೆ ವಾರದಲ್ಲಿ ಐದು ದಿನ ಜಮೀನಿನಲ್ಲಿ ಇರದವರಿಗಲ್ಲ. ಕಪ್ಪು ಬಣ್ಣದ, ಕೊಂಬಿಲ್ಲದ, ಹಗುರ ಕರು ಹುಟ್ಟಿಸುವ ಆಂಗಸ್ ಇಲ್ಲವೇ ಸಿಮ್‌ಆಂಗಸ್ (ಸಿಮೆಂಟಾಲ್–ಆಂಗಸ್ ಸಂಕರ) ತನ್ನಿ. ಎರಡೂ ಒಂದೇ ಬೆಲೆಗೆ ಸಿಗುವುದಾದರೆ ಸಿಮ್‌ಆಂಗಸ್. ಹೀಗೆ ಹೇಳುವುದು ಆ ತಳಿಗಳ ಹೆಸರು ನೋಡಿ ಅಲ್ಲ, ನಿಮ್ಮ ಹಸುಗಳನ್ನು ನೋಡಿ. ಹೋರಿಯ ವಿಚಾರ ಯಾವತ್ತೂ ಹಸುವಿನಿಂದ ಶುರುವಾಗಬೇಕು.

ಹುಲಿಪಟ್ಟೆ ಹಸು ಎಂದರೆ ಇಲ್ಲಿನವರು ಟೈಗರ್‌ಸ್ಟ್ರೈಪ್ ಎನ್ನುವ ಹಸು. ಬ್ರಾಹ್ಮನ್ ಮತ್ತು ಹೆರ್‌ಫರ್ಡ್ ಕೂಡಿ ಹುಟ್ಟಿದ ಮೊದಲ ತಲೆಮಾರು, ಎಫ್1. ಬ್ರಾಹ್ಮನ್ ಮೂಲದಲ್ಲಿ ನಮ್ಮ ಕಡೆಯ ದನವೇ. ಗುಜರಾತಿನ ಕಾಂಕ್ರೇಜ್ ಮತ್ತು ಗಿರ್, ಆಂಧ್ರದ ಓಂಗೋಲ್ ತಳಿಗಳಿಂದ ಅಮೆರಿಕದ ಗಲ್ಫ್ ಕರಾವಳಿಯ ರೈತರು ಅದನ್ನು ಕಟ್ಟಿದರು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಕೃಷ್ಣಾ ವ್ಯಾಲಿ ತಳಿಯ ರಕ್ತವೂ ಅದರಲ್ಲಿ ಸ್ವಲ್ಪ ಸೇರಿದೆ. 1924ರಲ್ಲಿ ಬ್ರಾಹ್ಮನ್ ತಳಿ ಸಂಘ ಹುಟ್ಟಿತು. ಬಿಸಿಲು, ಉಣ್ಣಿ, ಒರಟು ಹುಲ್ಲು ಇವನ್ನೆಲ್ಲ ತಾಳುವ ಗುಣ ಆ ಕಡೆಯಿಂದ ಬಂದದ್ದು. ಇಂಗ್ಲೆಂಡಿನ ಹೆರ್‌ಫರ್ಡ್ ಕಡೆಯಿಂದ ಸಾಧು ಸ್ವಭಾವ, ಬೇಗ ಬೆದೆಗೆ ಬರುವ ಗುಣ, ಮೆತ್ತನೆಯ ಮಾಂಸ ಬರುತ್ತವೆ. ಇಷ್ಟು ದೂರದ ಎರಡು ರಕ್ತ ಕೂಡಿದಾಗ ಕಾಣುವ ಸಂಕರ ಶಕ್ತಿ, ಅಂದರೆ ಹೈಬ್ರಿಡ್ ವಿಗರ್, ಹತ್ತಿರದ ತಳಿಗಳನ್ನು ಕೂಡಿಸಿದಾಗ ಸಿಗುವುದಕ್ಕಿಂತ ಬಹಳ ಹೆಚ್ಚು. ನೆಬ್ರಾಸ್ಕಾದ ಕ್ಲೇ ಸೆಂಟರ್‌ನ ಸಂಶೋಧನಾ ಕೇಂದ್ರದವರು ಆಂಗಸ್, ಹೆರ್‌ಫರ್ಡ್, ಶಾರ್ಟ್‌ಹಾರ್ನ್‌ಗಳನ್ನು ಕೂಡಿಸಿ ನೋಡಿದಾಗಲೇ, ಹೋರಿಗೆ ಬಿಟ್ಟ ಪ್ರತಿ ಹಸುವಿನ ಲೆಕ್ಕದಲ್ಲಿ ಹಾಲು ಬಿಡಿಸಿದ ಕರುವಿನ ತೂಕ ಸುಮಾರು 23% ಹೆಚ್ಚಿತ್ತು. ಅದರಲ್ಲಿ ಮೂರನೇ ಎರಡರಷ್ಟು ತಾಯಿ ಸಂಕರವಾಗಿದ್ದರಿಂದ ಬಂದದ್ದು: ಬೇಗ ಗಬ್ಬ ಕಟ್ಟುತ್ತದೆ, ಕರುವನ್ನು ಉಳಿಸಿಕೊಳ್ಳುತ್ತದೆ, ಹೆಚ್ಚು ವರ್ಷ ಈಯುತ್ತದೆ. ಜಮೀನಿನ ಜೊತೆ ನಿಮಗೆ ಬಂದ ಬೆಲೆಬಾಳುವ ವಸ್ತು ಆ ಹದಿನಾಲ್ಕು ಹಸು. ಹೋರಿಯ ಕೆಲಸ ಅವುಗಳ ಗುಣ ಕೆಡಿಸದೆ ಮಾರಾಟಕ್ಕೆ ಒಪ್ಪುವ ಕರು ಕೊಡುವುದು, ಅಷ್ಟೇ.

ಈಗ ಬ್ರಾಹ್ಮನ್ ಹೋರಿ ಬಿಟ್ಟರೆ ಏನಾಗುತ್ತದೆ ನೋಡಿ. ಹಸುವಿನಲ್ಲಿ ಅರ್ಧ ಬ್ರಾಹ್ಮನ್ ಇದೆ, ಹೋರಿ ಪೂರ್ತಿ ಬ್ರಾಹ್ಮನ್, ಕರುವಿನಲ್ಲಿ ಮುಕ್ಕಾಲು. ಸಂಕರ ಶಕ್ತಿ ಎಫ್1ರಲ್ಲಿ ಇದ್ದುದರ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ತಂದೆಯವರಿಗೆ ಇದು ಗೊತ್ತಿರುವ ವಿಷಯವೇ: ನಾಟಿ ಹಸುವಿಗೆ ಎಚ್‌ಎಫ್ ಕೊಡಿಸಿದ ಮೊದಲ ತಲೆಮಾರು ಗಟ್ಟಿಯಾಗಿ ನಿಲ್ಲುತ್ತದೆ, ಅದಕ್ಕೇ ಮತ್ತೆ ಮತ್ತೆ ಎಚ್‌ಎಫ್ ಕೊಡಿಸಿದರೆ ಬಿಸಿಲು, ರೋಗ ತಾಳುವ ಶಕ್ತಿ ಹೋಗುತ್ತದೆ. ಅದಕ್ಕಾಗಿಯೇ ಭಾರತದಲ್ಲಿ ವಿದೇಶಿ ರಕ್ತವನ್ನು 50ರಿಂದ 62.5% ಒಳಗೆ ಇಡಿ ಎನ್ನುವುದು. ಇಲ್ಲಿ ದಿಕ್ಕು ಮಾತ್ರ ತಿರುಗಿದೆ.

ಸಂತೆಯಲ್ಲೂ ಮುಕ್ಕಾಲು ಬ್ರಾಹ್ಮನ್ ಕರುವಿಗೆ ಪೆಟ್ಟು ಬೀಳುತ್ತದೆ. ಇಲ್ಲಿನ ವ್ಯಾಪಾರಿಗಳು ಇದನ್ನು ‘ಕಿವಿ ಜಾಸ್ತಿ’ ಎನ್ನುತ್ತಾರೆ. ಇಳಿಬಿದ್ದ ಉದ್ದ ಕಿವಿ, ಎದ್ದ ಡುಬ್ಬ, ಜೋಲುವ ಗಂಗೆದೊಗಲು ಕಂಡ ಕೂಡಲೇ ಪೌಂಡಿನ ಮೇಲೆ ಬೆಲೆ ಇಳಿಸುತ್ತಾರೆ. ಅದು ಬರೀ ಪೂರ್ವಗ್ರಹವಲ್ಲ. ನಿಮ್ಮ ಕರುಗಳು ಕೊನೆಗೆ ಮುಟ್ಟುವುದು ಉತ್ತರದಲ್ಲಿ ದನಗಳಿಗೆ ಕಾಳು ತಿನ್ನಿಸಿ ಕೊಬ್ಬಿಸುವ ದೊಡ್ಡ ಫೀಡ್‌ಲಾಟ್‌ಗಳನ್ನು; ಅಲ್ಲಿಯ ಚಳಿ ಬ್ರಾಹ್ಮನ್ ಮೈಗೆ ಆಗುವುದಿಲ್ಲ. ಜೊತೆಗೆ ಬ್ರಾಹ್ಮನ್ ರಕ್ತ ಹೆಚ್ಚಿದಷ್ಟೂ ಸ್ನಾಯುವಿನಲ್ಲಿ ಕ್ಯಾಲ್ಪಾಸ್ಟಾಟಿನ್ ಎಂಬ ಅಂಶ ಹೆಚ್ಚು. ಮಾಂಸವನ್ನು ತಣ್ಣಗೆ ಇಟ್ಟಾಗ ಅದನ್ನು ಮೆತ್ತಗೆ ಮಾಡುವ ಕಿಣ್ವವನ್ನು ಇದು ತಡೆಯುತ್ತದೆ. ಕಾಲು ಭಾಗ ಬ್ರಾಹ್ಮನ್ ಇದ್ದರೆ ಯಾರೂ ತಕರಾರು ಮಾಡುವುದಿಲ್ಲ, ಅರ್ಧ ದಾಟಿದರೆ ಎಲ್ಲರೂ ಮಾಡುತ್ತಾರೆ. 1978ರಲ್ಲಿ ಶುರುವಾದ ‘ಸರ್ಟಿಫೈಡ್ ಆಂಗಸ್ ಬೀಫ್’ ಮುದ್ರೆಗೆ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಿರಬೇಕು, ಡುಬ್ಬ 2 ಇಂಚು ಮೀರಬಾರದು. ಟೆಕ್ಸಾಸ್‌ನ ಸಂತೆಗಳಲ್ಲಿ ಕಪ್ಪು ಕರು ಎರಡು ಕಾಸು ಹೆಚ್ಚಿಗೆ ಹೋಗುವ ಗುಟ್ಟು ಬಹುಪಾಲು ಇದೇ. (ಇದು ಮಾಂಸಕ್ಕಾಗಿ ದನ ಸಾಕುವ ವ್ಯವಹಾರ. ಮನಸ್ಸು ಒಪ್ಪದಿದ್ದರೆ ದನ ಮಾರಿ, ಹುಲ್ಲು ಕೊಯ್ದು ಬೇಲ್ ಮಾಡಿ ಮಾರಬಹುದು. ಜಮೀನಿನ ಕೃಷಿ ತೆರಿಗೆ ರಿಯಾಯಿತಿಗೆ ಹುಲ್ಲೂ ಬೆಳೆಯೇ. ನಿಮ್ಮ ಕೌಂಟಿಯ ನಿಯಮ ಕೇಳಿಕೊಳ್ಳಿ.)

ಉಳಿದ ತಳಿಗಳನ್ನು ನಿಮ್ಮ ಹಸುಗಳ ಎದುರು ನಿಲ್ಲಿಸಿ ನೋಡೋಣ. ಲೆಕ್ಕ ಸುಲಭ: ತಾಯಿ ಮತ್ತು ತಂದೆ ಇಬ್ಬರಲ್ಲೂ ಇರುವ ತಳಿ ಎಷ್ಟು ಕಡಿಮೆಯೋ, ಕರುವಿಗೆ ಸಂಕರ ಶಕ್ತಿ ಅಷ್ಟು ಹೆಚ್ಚು. ಹುಲಿಪಟ್ಟೆ ಹಸುವಿಗೆ ಹೆರ್‌ಫರ್ಡ್ ಹೋರಿ ಬಿಟ್ಟರೆ ಅರ್ಧ ಭಾಗ ಹೆರ್‌ಫರ್ಡ್‌ಗೆ ಹೆರ್‌ಫರ್ಡ್ ಕೂಡಿ ವ್ಯರ್ಥ, 50% ಸಿಗುತ್ತದೆ. ಬ್ರ್ಯಾಂಗಸ್ ಎಂದರೆ ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್, ಐದು ಪಾಲು ಆಂಗಸ್. ಅದರ ಹೋರಿ ಬಿಟ್ಟರೆ ಸಂಕರ ಶಕ್ತಿ 81% ಸಿಕ್ಕರೂ ಕರುವಿನಲ್ಲಿ ಬ್ರಾಹ್ಮನ್ 44% ಆಗಿ, ಮತ್ತೆ ಕಿವಿಯ ಮಾತು ಬರುತ್ತದೆ. ಆಂಗಸ್ ಹೋರಿಯಾದರೆ ಹಸುವಿನ ಎರಡೂ ತಳಿಗಳಿಗೆ ಅದು ಹೊರಗಿನದು: 100%, ಬ್ರಾಹ್ಮನ್ ಸರಿಯಾಗಿ ಕಾಲು ಭಾಗ. ಶಾರೊಲೇಗೂ ಇದೇ ಲೆಕ್ಕ.

ತಕರಾರು ಬರುವುದು ನಿಮ್ಮ ಐದು ಬ್ರ್ಯಾಂಗಸ್ ಹಸುಗಳಲ್ಲಿ. ಅವುಗಳಲ್ಲಿ ಆಂಗಸ್ ಆಗಲೇ ತುಂಬಿದೆ. ಮೇಲೆ ಆಂಗಸ್ ಹೋರಿ ಬಂದರೆ ಸಂಕರ ಶಕ್ತಿ 38%ಕ್ಕೆ ಬೀಳುತ್ತದೆ. ಅವುಗಳಿಗಾಗಿ ಎರಡನೇ ಹೋರಿ ತರುವುದು ದಂಡ. 22 ದನಕ್ಕೆ ಎರಡು ಹೋರಿ ಎಂದರೆ ಎರಡು ಬೇಲಿ, ಎರಡು ಮೇವು, ಇಲ್ಲವೇ ದಿನವೂ ಗುದ್ದಾಟ. ಇಲ್ಲಿ ಸಿಮ್‌ಆಂಗಸ್ ಗೆಲ್ಲುತ್ತದೆ. ಸ್ವಿಟ್ಜರ್ಲೆಂಡ್ ಮೂಲದ ಸಿಮೆಂಟಾಲ್ ಅರ್ಧ, ಆಂಗಸ್ ಅರ್ಧ ಇರುವ ಹೋರಿ ಹುಲಿಪಟ್ಟೆ ಹಸುಗಳಿಗೆ 100% ಕೊಡುತ್ತದೆ, ಬ್ರ್ಯಾಂಗಸ್ ಹಸುಗಳಿಗೂ 69% ಉಳಿಸುತ್ತದೆ. ಶಾರೊಲೇ ಎರಡೂ ಕಡೆ 100% ಕೊಡುತ್ತದೆಂಬುದು ನಿಜ. ಬಲಿತ ಬ್ರಾಹ್ಮನ್ ಸಂಕರದ ಹಸುಗಳು ದೊಡ್ಡ ಕರುವನ್ನೂ ಸಲೀಸಾಗಿ ಈಯುತ್ತವೆ, ಹಾಗಾಗಿ ನಿಮ್ಮ ನೆರೆಯವರು ತಪ್ಪು ಹೇಳುತ್ತಿಲ್ಲ. ಆದರೆ ಮಂಗಳವಾರ ರಾತ್ರಿ ಕಡಸಿನ ಹೊಟ್ಟೆಯಲ್ಲಿ 95 ಪೌಂಡಿನ ಕರು ಸಿಕ್ಕಿಕೊಂಡರೆ ಶನಿವಾರ ನಿಮಗೆ ಕಾಣುವುದು ಎರಡು ಹೆಣ. ಜಮೀನಿನಲ್ಲೇ ವಾಸ ಇರುವವರಿಗೆ ನಾನು ಶಾರೊಲೇ ಎನ್ನುತ್ತಿದ್ದೆ.

ಮುಂದೆ ಯಾರಾದರೂ ಶುದ್ಧ ಆಂಗಸ್ ಹಸುಗಳಿಗೆ ಬ್ರಾಹ್ಮನ್ ಹೋರಿ ಬಿಡಿ, ನೀವೇ ಎಫ್1 ಹುಟ್ಟಿಸಿ ಎಂದರೆ ಒಂದು ವಿಷಯ ನೆನಪಿರಲಿ. ತಾಯಿ ಬ್ರಾಹ್ಮನ್, ತಂದೆ ಆಂಗಸ್ ಆದಾಗ ಕರು ಚಿಕ್ಕದು. ಅದೇ ಎರಡು ತಳಿ ಅದಲುಬದಲಾಗಿ ತಂದೆ ಬ್ರಾಹ್ಮನ್ ಆದಾಗ ಕರು ಎಷ್ಟೋ ಭಾರ, ಗಂಡು ಕರುವಂತೂ ಇನ್ನೂ ಭಾರ. ರಕ್ತದ ಪಾಲು ಎರಡರಲ್ಲೂ ಅರ್ಧರ್ಧವೇ, ಹೆರಿಗೆಯ ಕಷ್ಟ ಮಾತ್ರ ಬೇರೆ. ಎಫ್1 ಕಡಸುಗಳಿಗೆ ಬೆಲೆ ಹೆಚ್ಚಿರುವುದು ಸುಮ್ಮನೆ ಅಲ್ಲ. ಅವನ್ನು ಬೇಕಾದಾಗ ಕೊಂಡು ತರುವುದೇ ನಿಮ್ಮಂಥ ಚಿಕ್ಕ ಹಿಂಡಿಗೆ ಅಗ್ಗ.

ಇನ್ನು ಕ್ಯಾಟಲಾಗ್. ಪ್ರತಿ ಹೋರಿಯ ಫೋಟೋ ಕೆಳಗೆ ಒಂದು ಸಾಲು ಅಂಕಿಗಳಿರುತ್ತವೆ, ಇವು ಇಪಿಡಿಗಳು. ಆ ಹೋರಿಯ ಕರುಗಳು ಸರಾಸರಿ ಎಷ್ಟು ವ್ಯತ್ಯಾಸ ತೋರಬಹುದು ಎಂಬ ಅಂದಾಜು. ಒಂದೇ ಅಂಕಿಗೆ ಅರ್ಥವಿಲ್ಲ, ಎರಡು ಹೋರಿಗಳ ನಡುವಿನ ಅಂತರಕ್ಕೆ ಅರ್ಥ. ಒಂದರ ಹುಟ್ಟು ತೂಕದ ಇಪಿಡಿ +0.5, ಹಾಲು ಬಿಡಿಸುವ ತೂಕದ್ದು +60, ಇನ್ನೊಂದರದ್ದು +4.0 ಮತ್ತು +85 ಎಂದುಕೊಳ್ಳಿ. ಎರಡನೆಯದರ ಕರುಗಳು ಹುಟ್ಟುವಾಗ ಸರಾಸರಿ 3.5 ಪೌಂಡ್, ಹಾಲು ಬಿಡಿಸುವಾಗ 25 ಪೌಂಡ್ ಹೆಚ್ಚು ತೂಗಬಹುದು. ಆ 25 ಪೌಂಡಿಗೆ ಮರುಳಾಗಿ ಹೆಚ್ಚು ಬೆಲೆ ಕೊಡುವ ಮೊದಲು ಸಂತೆಯ ರೀತಿ ತಿಳಿದಿರಬೇಕು: ಕರು ಭಾರವಾದಂತೆ ಪೌಂಡಿನ ಬೆಲೆ ಇಳಿಯುತ್ತದೆ. 500 ಪೌಂಡಿನದಕ್ಕೆ 3.50 ಡಾಲರ್, 525ರದಕ್ಕೆ 3.42 ಎಂದಿದ್ದರೆ ಕೈಗೆ ಬರುವುದು 1,750 ಮತ್ತು ಸುಮಾರು 1,795. ಅಂದರೆ ಹೆಚ್ಚಿನ 25 ಪೌಂಡಿಗೆ 87 ಡಾಲರ್ ಅಲ್ಲ, 45. ಇಪ್ಪತ್ತು ಕರುವಿಗೆ ವರ್ಷಕ್ಕೆ 900. ಎರಡನೇ ಹೋರಿಗೆ 3,000 ಹೆಚ್ಚಿಗೆ ಕೊಟ್ಟಿದ್ದರೆ ಆ ದುಡ್ಡು ಮರಳುವಷ್ಟರಲ್ಲಿ ಮೂರು ವರ್ಷ ಕಳೆದಿರುತ್ತದೆ.

ನೀವು ಮೊದಲು ನೋಡಬೇಕಾದದ್ದು ಕಾವಿಂಗ್ ಈಸ್, ಅಂದರೆ ಕರು ಸಲೀಸಾಗಿ ಹುಟ್ಟುವ ಗುಣ; ಕ್ಯಾಟಲಾಗ್‌ನಲ್ಲಿ ಸಿಇ ಅಥವಾ ಸಿಇಡಿ. ಹೆಚ್ಚಿದ್ದಷ್ಟೂ ಸಲೀಸು. ತಳಿ ಸಂಘ ಪ್ರಕಟಿಸುವ ಶೇಕಡಾವಾರು ಪಟ್ಟಿ ತೆಗೆದು, ಆ ತಳಿಯ ಮೇಲಿನ 25%ರೊಳಗೆ ಇರುವ ಹೋರಿಗೆ ಗುರುತು ಹಾಕಿ. ಆಮೇಲೆ ಡಾಸಿಲಿಟಿ, ಅಂದರೆ ಸಾಧುತನ. ಬ್ರಾಹ್ಮನ್ ರಕ್ತದ ಹಸುಗಳು ಸ್ವಲ್ಪ ಚುರುಕು, ಅವುಗಳ ಮಧ್ಯೆ ಸಿಡುಕಿನ ಹೋರಿ ಬೇಡ. ಹಾಲಿನ ಇಪಿಡಿ ಹೆಣ್ಣು ಕರುಗಳನ್ನು ಹಿಂಡಿಗೆ ಉಳಿಸಿಕೊಳ್ಳುವವರಿಗೆ. ನೀವು ಎಲ್ಲ ಕರು ಮಾರುವುದಾದರೆ ಅದನ್ನು ಬಿಟ್ಟುಬಿಡಿ. ಹುಟ್ಟಿದಾಗ ಈ ಹೋರಿ 68 ಪೌಂಡ್ ಇತ್ತು ಎಂಬ ಮಾರುವವರ ಮಾತಿಗಿಂತ ಇಪಿಡಿಯನ್ನು ನಂಬಿ. ಆ ತೂಕದಲ್ಲಿ ತಾಯಿಯ ವಯಸ್ಸು, ಆ ವರ್ಷದ ಮೇವು ಎಲ್ಲ ಕಲೆತಿರುತ್ತದೆ, ಇಪಿಡಿ ಅವನ್ನು ಕಳೆದೇ ಬಂದಿರುತ್ತದೆ. ಆಂಗಸ್ ಸಂಘದ ಅಂಕಿಯನ್ನು ಸಿಮೆಂಟಾಲ್ ಸಂಘದ ಅಂಕಿಯ ಪಕ್ಕ ಇಟ್ಟು ಹೋಲಿಸಬೇಡಿ. ಎರಡರ ಸೊನ್ನೆಯೇ ಬೇರೆ ಜಾಗದಲ್ಲಿದೆ. ಸಿಮ್‌ಆಂಗಸ್ ಜೊತೆ ಸಿಮ್‌ಆಂಗಸ್ ಮಾತ್ರ.

ಬಣ್ಣಕ್ಕೆ ‘ಹೋಮೋಜೈಗಸ್ ಬ್ಲ್ಯಾಕ್’, ಕೊಂಬಿಗೆ ‘ಹೋಮೋಜೈಗಸ್ ಪೋಲ್ಡ್’ (ತಂದೆ, ತಾಯಿ ಇಬ್ಬರಿಂದಲೂ ಅದೇ ಗುಣ ಬಂದಿದೆ) ಎಂಬ ಡಿಎನ್‌ಎ ವರದಿ ಕೇಳಿ. ಸಿಮ್‌ಆಂಗಸ್‌ನಲ್ಲಿ ಇದು ಮುಖ್ಯ. ನೋಡಲು ಕಪ್ಪಾಗಿದ್ದೂ ಒಳಗೆ ಕೆಂಪಿನ ಒಂದು ಪಾಲು ಹೊತ್ತ ಹೋರಿಯಾದರೆ ಹುಲಿಪಟ್ಟೆ ಹಸುಗಳಿಗೆ ಅರ್ಧದಷ್ಟು ಕರುಗಳು ಕೆಂಪೋ ಪಟ್ಟೆಯೋ ಆಗಿ ಹುಟ್ಟಿ, ಕಪ್ಪಿನ ಲಾಭ ಅರ್ಧ ಹೋಗುತ್ತದೆ. ಕಪ್ಪು ಮೈಗೆ ಬಿಳಿ ಮುಖದ ಕರುಗಳು ಸುಮಾರು ಅರ್ಧ ಬರುತ್ತವೆ, ಅದು ಹೆರ್‌ಫರ್ಡ್ ಕಡೆಯದು. ಬ್ಲ್ಯಾಕ್ ಬಾಲ್ಡಿ ಎಂದು ಇಷ್ಟಪಟ್ಟು ಕೊಳ್ಳುತ್ತಾರೆ, ಚಿಂತೆ ಬೇಡ.

ಅಂಕಿ ಸರಿಯಿದ್ದ ಮೇಲೆ ಮೈ ನೋಡಿ. ಹೋರಿಯನ್ನು ಗಟ್ಟಿ ನೆಲದ ಮೇಲೆ ನಡೆಸಿ, ಪಕ್ಕದಿಂದ ನೋಡಿ: ಮುಂಗಾಲು ಊರಿದ ಗುರುತಿನ ಮೇಲೋ ಅದರ ಹತ್ತಿರವೋ ಹಿಂಗಾಲು ಬೀಳಬೇಕು. ಗೊರಸಿನ ಎರಡು ಸೀಳು ಒಂದರ ಮೇಲೊಂದು ಕತ್ತರಿ ಹಾಕಿರಬಾರದು. ಮೇ ತಿಂಗಳ ಕೊನೆಗೆ ಚಳಿಗಾಲದ ಕೂದಲು ಪೂರ್ತಿ ಉದುರಿ ಮೈ ನುಣುಪಾಗಿರಬೇಕು. 1ರಿಂದ 5ರ ಅಂಕದಲ್ಲಿ 1 ಎಂದರೆ ಪೂರ್ತಿ ನುಣುಪು. ಆಂಗಸ್ ಸಂಘ ಇದಕ್ಕೂ ಇಪಿಡಿ ಕೊಡುತ್ತದೆ. ಜೂನ್‌ನಲ್ಲೂ ಬೆನ್ನಿನ ಮೇಲೆ ಕಂದು ಉಣ್ಣೆಯಂತಹ ಕೂದಲು ಹೊತ್ತಿರುವ ಹೋರಿ ಬ್ರೆನಮ್‌ನ ಬೇಸಿಗೆಯಲ್ಲಿ ಹಸುಗಳ ಹಿಂದೆ ಹೋಗುವುದಿಲ್ಲ, ಕೆರೆಯಲ್ಲಿ ನಿಂತಿರುತ್ತದೆ.

ಮೊಂಟಾನಾ, ನೆಬ್ರಾಸ್ಕಾದಿಂದ ಬರುವ ಅಗ್ಗದ ಹೋರಿಯ ಆಸೆ ಬೇಡ ಎನ್ನಲು ಬಿಸಿಲು ಒಂದೇ ಕಾರಣವಲ್ಲ. ಉಣ್ಣಿ, ಕುದುರೆನೊಣಗಳಿಂದ ಹರಡುವ ಅನಾಪ್ಲಾಸ್ಮೋಸಿಸ್ ಎಂಬ ರಕ್ತದ ರೋಗ ಟೆಕ್ಸಾಸ್‌ನ ಈ ಭಾಗದಲ್ಲಿದೆ. ಕರುವಾಗಿದ್ದಾಗ ತಗುಲಿದರೆ ಹೆಚ್ಚು ತೊಂದರೆ ಕೊಡದೆ ಹೋಗುತ್ತದೆ. ಎರಡು ವರ್ಷ ದಾಟಿದ ದನಕ್ಕೆ ಮೊದಲ ಸಲ ತಗುಲಿದರೆ ರಕ್ತದ ಕೆಂಪು ಕಣ ಕುಸಿದು ಸಾವೂ ಬರಬಹುದು. ಕಣ್ಣಿನ ಒಳಪೊರೆ ಬೆಳ್ಳಗೆ ಇಲ್ಲವೇ ಹಳದಿ, ಏದುಸಿರು, ಸುಮ್ಮನಿದ್ದ ಹೋರಿ ಇದ್ದಕ್ಕಿದ್ದಂತೆ ಮೈಮೇಲೆ ಬರುವುದು ಇದರ ಲಕ್ಷಣ. ಅಂಥ ಹೊತ್ತಿನಲ್ಲಿ ಓಡಿಸಬೇಡಿ, ನಿಂತಲ್ಲೇ ಬಿಟ್ಟು ವೈದ್ಯರನ್ನು ಕರೆಸಿ. ಗಲ್ಫ್ ಕರಾವಳಿಯಲ್ಲೇ ಹುಟ್ಟಿ ಬೆಳೆದ ಹೋರಿ ಕೊಳ್ಳಿ ಎನ್ನುವುದು ಇದಕ್ಕೇ.

ವಯಸ್ಸು 18ರಿಂದ 24 ತಿಂಗಳ ಒಳಗಿರಲಿ. ಎಳೆ ಹೋರಿಗೆ ಎಷ್ಟು ತಿಂಗಳೋ ಅಷ್ಟು ಹಸು ಎಂಬುದು ಇಲ್ಲಿನ ರೂಢಿ. 14 ತಿಂಗಳಿನದು 22ನ್ನು ತೂಗಿಸಲಾರದು. ಕೊಳ್ಳುವ ಮೊದಲು ಸಂತಾನ ಶಕ್ತಿಯ ಪರೀಕ್ಷೆಯ ಕಾಗದ ಕೇಳಿ, ಮತ್ತು ಪ್ರತಿ ವರ್ಷ ಹಿಂಡಿಗೆ ಬಿಡುವ 45–60 ದಿನ ಮೊದಲು ಮತ್ತೆ ಮಾಡಿಸಿ. ವೃಷಣದ ಸುತ್ತಳತೆ 15 ತಿಂಗಳೊಳಗೆ ಕನಿಷ್ಠ 30 ಸೆಂ.ಮೀ., 18ರಿಂದ 21 ತಿಂಗಳಿಗೆ 32, ಎರಡು ವರ್ಷ ದಾಟಿದರೆ 34. ವೀರ್ಯಾಣುಗಳಲ್ಲಿ ಕನಿಷ್ಠ 30% ಮುಂದಕ್ಕೆ ಚಲಿಸಬೇಕು, 70% ಸರಿಯಾದ ಆಕಾರದವು ಇರಬೇಕು. ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಆದ್ದರಿಂದ ಒಂದು ಜ್ವರ, ಒಂದು ವಾರದ ವಿಪರೀತ ಬಿಸಿಲು, ಅದರ ಪೆಟ್ಟು ಎರಡು ತಿಂಗಳವರೆಗೂ ಇರುತ್ತದೆ. ಪರೀಕ್ಷೆಯ ಕಾಗದ ಆ ದಿನದ್ದು ಮಾತ್ರ. ಟೆಕ್ಸಾಸ್‌ನಲ್ಲಿ ಸಂತಾನಕ್ಕೆಂದು ಮಾರುವ ಹೋರಿಗೆ ಟ್ರಿಕೊಮೊನಿಯಾಸಿಸ್ (ಕೂಡುವಾಗ ಹರಡುವ ರೋಗ) ಇಲ್ಲವೆಂಬ ವರದಿ ಅಥವಾ ಅದು ಇನ್ನೂ ಹಸು ಮುಟ್ಟಿಲ್ಲವೆಂಬ ಪ್ರಮಾಣಪತ್ರ ಕಡ್ಡಾಯ. ಈ ರೋಗದ ಹೋರಿ ನೋಡಲು ಪೂರ್ತಿ ಆರೋಗ್ಯವಾಗಿರುತ್ತದೆ. ಹಸುಗಳು ಗಬ್ಬ ಕಟ್ಟಿ, ಕೆಲ ವಾರಗಳಲ್ಲಿ ಕಳೆದುಕೊಂಡು ಮತ್ತೆ ಬೆದೆಗೆ ಬರುತ್ತವೆ. ಆ ಕಾಗದವಿಲ್ಲದೆ ಪಕ್ಕದವರ ಹೋರಿಯನ್ನು ಒಂದು ತಿಂಗಳಿಗೆ ಎರವಲು ತರುವುದೂ ಬೇಡ, ಅವರು ಎಷ್ಟೇ ಒಳ್ಳೆಯವರಿರಲಿ.

ಏಪ್ರಿಲ್ 20ಕ್ಕೆ ಹೋರಿ ಬಿಟ್ಟು ಜುಲೈ 10ಕ್ಕೆ ತೆಗೆಯಿರಿ. ಜನವರಿ ಕೊನೆಯಿಂದ ಏಪ್ರಿಲ್ ಮೂರನೇ ವಾರದೊಳಗೆ ಈಯುವುದೆಲ್ಲ ಮುಗಿಯುತ್ತದೆ; ಕರುಗಳೆಲ್ಲ ಒಂದೇ ಅಳತೆಯಲ್ಲಿದ್ದರೆ ಒಟ್ಟಾಗಿ ಮಾರಬಹುದು, ಕಾಯುವ ವಾರಗಳೂ ಎಣಿಕೆಯವು. ವರ್ಷಪೂರ್ತಿ ಹೋರಿ ಹಿಂಡಿನಲ್ಲಿದ್ದರೆ ಆಗಸ್ಟ್‌ನ ಬಿಸಿಲಲ್ಲಿ ಒಂದು, ನವೆಂಬರ್ ಮಳೆಯಲ್ಲಿ ಇನ್ನೊಂದು ಕರು ಬಿದ್ದು, ಯಾವುದು ಯಾವಾಗ ಎಂದು ವಾರಾಂತ್ಯದ ರೈತನಿಗೆ ತಿಳಿಯುವುದೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಗಬ್ಬ ಪರೀಕ್ಷೆ ಮಾಡಿಸಿ ಖಾಲಿ ಹಸುವನ್ನು ಮಾರಿ.

ಮೂರು ಕಡಸುಗಳನ್ನು ಈ ವರ್ಷ ಅವಸರದಿಂದ ಹೋರಿಗೆ ಬಿಡಬೇಡಿ. ಬ್ರಾಹ್ಮನ್ ಸಂಕರದವು ತಡವಾಗಿ ಪ್ರಾಯಕ್ಕೆ ಬರುತ್ತವೆ. ಬಲಿತಾಗ 1,200 ಪೌಂಡ್ ತೂಗುವ ಹಸುವಾದರೆ ಕಡಸು 780 ತೂಗುವವರೆಗೆ, ಅಂದರೆ 65% ಮುಟ್ಟುವವರೆಗೆ ಕಾಯಿರಿ. ವೈದ್ಯರು ಗರ್ಭಕೋಶ ಮುಟ್ಟಿ ನೋಡಿ ಪ್ರಾಯ ಬಂದಿದೆ ಎನ್ನಲಿ. ಈ ಹೋರಿಗೆ ಹುಟ್ಟಿದ ಹೆಣ್ಣು ಕರುಗಳನ್ನು ಹಿಂಡಿಗೆ ಉಳಿಸಿಕೊಳ್ಳಬೇಡಿ. ಮೂರನೇ ಹಂಗಾಮಿಗೇ ಅಪ್ಪನಿಗೆ ಮಗಳು ಸಿಕ್ಕುತ್ತಾಳೆ, ಆಂಗಸ್ ರಕ್ತದಲ್ಲಿ ಅಡಗಿರುವ ‘ಕರ್ಲಿ ಕಾಫ್’ನಂಥ (ಕರು ಮೈ ತಿರುಚಿ ಸತ್ತು ಹುಟ್ಟುವ) ದೋಷವನ್ನು ಹೋರಿ ಹೊತ್ತಿದ್ದರೆ ಅದು ಹೊರಬೀಳುವುದೂ ಆಗಲೇ.

ಹೋರಿ ಬಿಟ್ಟ ಮೊದಲ ಮೂರು ವಾರಾಂತ್ಯ ಬೈನಾಕ್ಯುಲರ್ ಹಿಡಿದು ಮುಂಜಾನೆ ಒಂದು ಗಂಟೆ ಕೂರಿ. ಹೋರಿ ಹಸುವಿನ ಮೇಲೆ ಹತ್ತಿದರೆ ಸಾಲದು, ಕೆಲಸ ಮುಗಿಸಿತೇ ನೋಡಿ. ಕೊಂಬಿಲ್ಲದ ತಳಿಗಳಲ್ಲಿ ಕೆಲವು ಹೋರಿಗಳ ಶಿಶ್ನ ಆ ಹೊತ್ತಿಗೆ ತಿರುಪಿನಂತೆ ಸುತ್ತಿಕೊಳ್ಳುತ್ತದೆ. ವೀರ್ಯ ಚೆನ್ನಾಗಿದ್ದು ಪರೀಕ್ಷೆ ಪಾಸಾಗಿರುತ್ತದೆ, ಒಂದು ಹಸುವೂ ಗಬ್ಬ ಕಟ್ಟಿರುವುದಿಲ್ಲ. ಬೆದೆಯಲ್ಲಿದ್ದ ಹಸುಗಳ ಕಿವಿ ಓಲೆಯ ನಂಬರ್, ದಿನಾಂಕ ಬರೆದಿಡಿ. 18ರಿಂದ 24 ದಿನಕ್ಕೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮತ್ತೆ ಬೆದೆಗೆ ಬಂದರೆ ಅದೇ ವಾರ ಹೋರಿಯನ್ನು ತೆಗೆದು ವೈದ್ಯರಿಗೆ ತೋರಿಸಿ, ಬೇರೆ ಹೋರಿ ತನ್ನಿ. ಆಗ ಇನ್ನೂ ಮೇ ತಿಂಗಳು, ಎರಡು ಸುತ್ತು ಉಳಿದಿರುತ್ತವೆ. ಮಾರುವವರು ಮೊದಲ ಹಂಗಾಮಿಗೆ ಬದಲಿ ಹೋರಿಯ ಖಾತರಿ ಕೊಡುತ್ತಾರೆಯೇ ಎಂಬುದನ್ನು ಚೆಕ್ ಬರೆಯುವ ಮೊದಲೇ ಕಾಗದದಲ್ಲಿ ಪಡೆದಿರಿ.